ಗೈಗರ್ ಕೌಂಟರ್ ತರಿಸಿದೆ, ಎಣಿಸೋಕೆ ಕೂತೆ

ಈ ಸದ್ದು ಕೇಳಿಸುತ್ತಿದೆಯಾ? ಟಿಕ್... ಟಿಕ್ ಟಿಕ್... ಹಲ್ಲಿ ಲೊಚಗುಟ್ಟುತ್ತಿರುವುದಲ್ಲ. ಹೋದ ವಾರ ಆನ್‌ಲೈನ್‌ನಲ್ಲಿ ತರಿಸಿದ ಗೈಗರ್ ಕೌಂಟರ್, ಅಂದರೆ ವಿಕಿರಣ ಬಂದಾಗೆಲ್ಲ ಟಿಕ್ ಅಂತ ಎಣಿಸುವ ಯಂತ್ರ. ಮೇಜಿನ ಮೇಲೆ ಸುಮ್ನೆ ಇಟ್ಟರೂ ನಿಮಿಷಕ್ಕೆ 20–25 ಸಲ ಟಿಕ್ ಅನ್ನುತ್ತದೆ. ಗಾಬರಿ ಬೇಡ. ನೆಲದ ಕಲ್ಲು, ಮಣ್ಣು, ಮೇಲಿನ ಆಕಾಶ, ಎಲ್ಲ ಕಡೆಯಿಂದಲೂ ಒಂಚೂರು ವಿಕಿರಣ ಬರುತ್ತಲೇ ಇರುತ್ತದೆ.

ಈ ಯಂತ್ರಕ್ಕೆ ಹೆಸರು ಬಂದದ್ದು ಹ್ಯಾನ್ಸ್ ಗೈಗರ್ ಅವರಿಂದ. ಅವರು ಹುಟ್ಟಿದ್ದು 1882ರಲ್ಲಿ, ಜರ್ಮನಿಯಲ್ಲಿ. ಡಾಕ್ಟರೇಟ್ ಮುಗಿಸಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೆ ಹೋದರು. ಅಲ್ಲಿ ಭೌತವಿಜ್ಞಾನಿ ರುದರ್‌ಫೋರ್ಡ್ ಜೊತೆ ಕೆಲಸ.

ಆಗ ಆಲ್ಫಾ ಕಣಗಳನ್ನು (ಕೆಲವು ವಿಕಿರಣಶೀಲ ವಸ್ತುಗಳಿಂದ ಚಿಮ್ಮುವ ಪುಟ್ಟ ಕಣಗಳು) ಹೇಗೆ ಎಣಿಸುತ್ತಿದ್ದರು ಗೊತ್ತಾ? ಕತ್ತಲೆ ಕೋಣೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ನೆ ಕೂರಬೇಕು. ಆಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಜಿಂಕ್ ಸಲ್ಫೈಡ್ ಬಳಿದ ಪರದೆ ನೋಡಬೇಕು. ಒಂದು ಕಣ ಬಡಿದರೆ ಒಂದು ಮಿಣುಕು. ಅಷ್ಟೇ. ರುದರ್‌ಫೋರ್ಡ್ ಎರಡೇ ನಿಮಿಷಕ್ಕೆ ಬೈದುಕೊಂಡು ಎದ್ದುಬಿಟ್ಟರಂತೆ. ಗೈಗರ್ ಮಾತ್ರ ರಾತ್ರಿಯಿಡೀ ಎಣಿಸಬಲ್ಲ ಆಸಾಮಿ ಅಂತ ಅವರೇ ಒಂದು ಪತ್ರದಲ್ಲಿ ಬರೆದಿದ್ದಾರೆ.

1909ರಲ್ಲಿ ಗೈಗರ್ ಮತ್ತು ಇನ್ನೂ ಓದುತ್ತಿದ್ದ ಹುಡುಗ ಮಾರ್ಸ್‌ಡೆನ್, ಲೋಹದ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದರು. ಪ್ಲಾಟಿನಂ ಮೇಲೆ ಬಿದ್ದ ಸುಮಾರು 8000 ಕಣಗಳಲ್ಲಿ ಒಂದು ವಾಪಸ್ ಪುಟಿಯಿತು! ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಅನ್ನೋ ಪುಟ್ಟ, ಗಟ್ಟಿ ತಿರುಳು ಇದೆ ಅಂತ ರುದರ್‌ಫೋರ್ಡ್‌ಗೆ ಹೊಳೆದದ್ದು ಇದರಿಂದಲೇ. ಅದನ್ನು ಹಿಡಿದದ್ದು ಬರೀ ಕಣ್ಣು, ತಾಳ್ಮೆ.

ಎಣಿಸುವ ಯಂತ್ರವನ್ನು ರುದರ್‌ಫೋರ್ಡ್ ಮತ್ತು ಗೈಗರ್ 1908ರಲ್ಲೇ ಮಾಡಿದ್ದರು. ಆದರೆ ಅದು ತುಂಬಾ ನಿಧಾನ. 1928ರಲ್ಲಿ ಜರ್ಮನಿಯ ಕೀಲ್‌ನಲ್ಲಿ ಗೈಗರ್ ತಮ್ಮ ವಿದ್ಯಾರ್ಥಿ ವಾಲ್ಟರ್ ಮ್ಯುಲರ್ ಜೊತೆ ಮಾಡಿದ ಕೊಳವೆಯ ಮೊಮ್ಮಗುವೇ ಈಗ ನನ್ನ ಕೈಯಲ್ಲಿರುವುದು. ಒಳಗೆ ಒಂಚೂರು ಗ್ಯಾಸ್, ನಡುವೆ ತಂತಿ, ಸುಮಾರು 400 ವೋಲ್ಟ್. ಕಣ ನುಗ್ಗಿದರೆ ಗ್ಯಾಸಿನಿಂದ ಎಲೆಕ್ಟ್ರಾನ್ ಕಿತ್ತು ಬರುತ್ತದೆ. ಅದು ತಂತಿಯತ್ತ ಓಡುತ್ತಾ ಇನ್ನಷ್ಟನ್ನು ಕೀಳುತ್ತದೆ, ಅವು ಮತ್ತಷ್ಟನ್ನು. ಟಿಕ್! ಬಂದ ಕಣದ ಶಕ್ತಿ ಎಷ್ಟು ಅಂತ ಇದಕ್ಕೆ ಗೊತ್ತಾಗುವುದಿಲ್ಲ. ಬಂತು ಅಂತ ಮಾತ್ರ ಹೇಳುತ್ತದೆ.

ಇದು ನೋಡಿ, ಅಟ್ಟದಲ್ಲಿ ಸಿಕ್ಕ ಹಳೆಯ ಪೆಟ್ರೋಮ್ಯಾಕ್ಸ್ ಮ್ಯಾಂಟಲ್, ದೀಪದೊಳಗೆ ಉರಿದು ಬೆಳಗುವ ಬಟ್ಟೆಯ ಬಲೆ. ಬೆಳಕು ಬೆಳ್ಳಗೆ ಬರಲಿ ಅಂತ ಆಗ ಇದಕ್ಕೆ ವಿಕಿರಣ ಸೂಸುವ ಲೋಹ ಥೋರಿಯಂ ಸೇರಿಸುತ್ತಿದ್ದರು. ಪ್ಯಾಕೆಟ್ ಬಿಚ್ಚುವುದಿಲ್ಲ, ಪುಡಿ ಉಸಿರಿಗೆ ಹೋಗಬಾರದು. ಹತ್ತಿರ ತರುತ್ತೇನೆ... ಟಿಕ್ ಟಿಕ್ ಟಿಕ್ ಟಿಟಿಟಿಟಿ!

ಡಿಸ್‌ಪ್ಲೇ ಮುಚ್ಚಿಟ್ಟು ನಾನೂ ಎಣಿಸೋಕೆ ಕೂತೆ. 17ಕ್ಕೆ ಲೆಕ್ಕ ತಪ್ಪಿತು.