ಗೋಡೆಯ ಮೇಲಿನ ಪೆಟ್ಟಿಗೆ ಯಾರ ಮಾತು ಕೇಳಬೇಕು?

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಿಕ್ ಕಾರು ಕೊಂಡವರು, ಕೊಳ್ಳಬೇಕೆಂದಿರುವವರು ಇಬ್ಬರೂ ಇಲ್ಲಿದ್ದೀರಿ ಅಂದರು. ಕಾರಿನ ವಿಷಯ ನಾನು ಮಾತಾಡುವುದಿಲ್ಲ. ಪೋರ್ಟಿಕೊ ಗೋಡೆಗೆ ಹೊಡೆಸಿಕೊಳ್ಳುವ ಚಾರ್ಜರ್ ಪೆಟ್ಟಿಗೆಯ ಬಗ್ಗೆ ಮಾತ್ರ.

ಹೋದ ಮಳೆಗಾಲದಲ್ಲಿ ನಮ್ಮ ಬೀದಿ ಅಗೆದರು. ಬೀದಿ ಅಗೆದ ಮೇಲೆ ಇಂಟರ್‌ನೆಟ್ ತಂತಿ ಉಳಿಯುತ್ತದೆಯೇ? ಆ ಸಂಜೆ ಕಾರಿಗೆ ಚಾರ್ಜರ್ ಸಿಕ್ಕಿಸಿ, ರಾತ್ರಿ ಹನ್ನೊಂದಕ್ಕೆ ಶುರುವಾಗಲಿ ಎಂದು ಫೋನ್ ತೆಗೆದರೆ, ಆ್ಯಪ್ 'ಸಾಧನ ಸಂಪರ್ಕದಲ್ಲಿಲ್ಲ' ಅಂದಿತು. ಸಾಧನವೋ, ನನ್ನಿಂದ ಆರಡಿ ದೂರದಲ್ಲಿ ಹಸಿರು ದೀಪ ಮಿಟುಕಿಸುತ್ತ ನಿಂತಿದೆ! ನಾನು ಒತ್ತುವ ಗುಂಡಿ ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿಂದ ನಮ್ಮ ಗೋಡೆಗೆ ಬರಬೇಕಂತೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಅಂದರೆ ಇದೇ.

ಅಷ್ಟಕ್ಕೂ ಆ ಪೆಟ್ಟಿಗೆಯೊಳಗೆ ಏನಿದೆ? ನಾವು ಚಾರ್ಜರ್ ಅನ್ನುತ್ತೇವೆ, ಆದರೆ ನಿಜವಾದ ಚಾರ್ಜರ್ ಇರುವುದು ಕಾರಿನೊಳಗೆ. ಗೋಡೆಯ ಮೇಲಿರುವುದು ಒಂದು ಜಾಣ ಸ್ವಿಚ್. ಕೇಬಲ್ಲಿನಲ್ಲಿ ದಪ್ಪ ತಂತಿಗಳ ಜೊತೆ ಕಂಟ್ರೋಲ್ ಪೈಲಟ್ ಎಂಬ ಒಂದು ಸಣ್ಣ ತಂತಿ ಇರುತ್ತದೆ. ಅದರಲ್ಲಿ ಪೆಟ್ಟಿಗೆ ಸೆಕೆಂಡಿಗೆ 1000 ಸಲ ಮಿಡಿಯುವ ಸಂಕೇತ ಕಳಿಸುತ್ತದೆ. ಪ್ರತಿ ಮಿಡಿತದಲ್ಲಿ ಸಂಕೇತ ಎಷ್ಟು ಹೊತ್ತು ಮೇಲಿರುತ್ತದೆ ಎಂಬುದನ್ನು ನೋಡಿ ಕಾರು ತನ್ನ ಪಾಲು ತಿಳಿದುಕೊಳ್ಳುತ್ತದೆ. ಶೇ 10ರಷ್ಟು ಹೊತ್ತು ಎಂದರೆ 6 ಆಂಪಿಯರ್, ಶೇ 50 ಎಂದರೆ 30. ಕಾರು ಅದಕ್ಕಿಂತ ಹೆಚ್ಚು ಎಳೆಯುವುದಿಲ್ಲ. 'ಇಷ್ಟೇ ಬಡಿಸುತ್ತೇನೆ' ಅಂದರೆ ಅಷ್ಟೇ ಉಣ್ಣುವ ಮರ್ಯಾದಸ್ಥ ಅತಿಥಿ. ಈ ಇಡೀ ಸಂಭಾಷಣೆಗೆ ಇಂಟರ್‌ನೆಟ್ ಬೇಡವೇ ಬೇಡ. ಆ್ಯಪ್ ಮಾಡುವುದು 'ಎಷ್ಟು ಬಡಿಸಬೇಕು, ಯಾವಾಗ' ಎಂದು ಪೆಟ್ಟಿಗೆಗೆ ಹೇಳುವ ಕೆಲಸ. ಅದನ್ನು ಮನೆಯ ವೈಫೈ ಮೂಲಕವೇ ಹೇಳಿದರಾಯಿತು.

ಈ ಹಿಡಿತ ಯಾಕೆ ಬೇಕು ಅಂದರೆ, ನಮ್ಮ ಮನೆಗೆ ಮಂಜೂರಾದ ಲೋಡ್ 5 ಕಿಲೋವ್ಯಾಟ್. 32 ಆಂಪಿಯರಿನ ಪೆಟ್ಟಿಗೆ ಒಂದೇ 7.4 ಕಿಲೋವ್ಯಾಟ್ ಕೇಳುತ್ತದೆ. 16ಕ್ಕೆ ಇಳಿಸಿದರೆ 3.7. ಬೆಳಗ್ಗೆ ಗೀಸರ್ ಹಾಕಿದರೆ ಮೇಲೆ 2, ಅಲ್ಲಿಗೆ ಮಿತಿ ದಾಟಿತು. ಹಾಗಾಗಿ ಗೀಸರ್ ಉರಿಯುವಾಗ ಕಾರಿಗೆ 10 ಆಂಪಿಯರ್, ಅಂದರೆ 2.3 ಕಿಲೋವ್ಯಾಟ್, ಸಾಕು ಎಂದು ಲೆಕ್ಕ ಬರೆದಿಟ್ಟಿದ್ದೇನೆ. ಸ್ನಾನ ಮುಗಿದ ಮೇಲೆ ಮತ್ತೆ 16. ಮನೆಯ ಒಂದು ಪುಟ್ಟ ರಾಸ್ಪ್‌ಬೆರಿ ಪೈ ಕಂಪ್ಯೂಟರ್ ಇದನ್ನು ನೋಡಿಕೊಳ್ಳುತ್ತದೆ. ಅದರಲ್ಲಿರುವುದು ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶ. ಪೆಟ್ಟಿಗೆಯೊಡನೆ ಅದು ಓಸಿಪಿಪಿ ಎಂಬ ಭಾಷೆಯಲ್ಲಿ ಮಾತಾಡುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿದ ಈ ಭಾಷೆ ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ಕೊಳ್ಳುವಾಗ ಅಂಗಡಿಯವರನ್ನು 'ಓಸಿಪಿಪಿ ಇದೆಯೇ' ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. 'ಸರ್ವರ್ ವಿಳಾಸ, ಅಂದರೆ ಪೆಟ್ಟಿಗೆ ಯಾವ ಕಂಪ್ಯೂಟರಿನ ಮಾತು ಕೇಳಬೇಕು ಎಂಬುದನ್ನು, ನಾನೇ ಬದಲಾಯಿಸಬಹುದೇ' ಎಂದೂ ಕೇಳಿ. ಎರಡನೆಯದಕ್ಕೆ ಹೌದು ಅನ್ನದಿದ್ದರೆ ಮೊದಲನೆಯದು ಇದ್ದೂ ಇಲ್ಲದ ಹಾಗೆ.

ಇದೆಲ್ಲ ಅತಿಯಾಯಿತು, ಕಂಪನಿಯ ಆ್ಯಪ್ ಚೆನ್ನಾಗಿಯೇ ಇದೆಯಲ್ಲ ಅನ್ನುತ್ತೀರಿ. ಅಮೆರಿಕದಲ್ಲಿ ಜ್ಯೂಸ್‌ಬಾಕ್ಸ್ ಎಂಬ ಚಾರ್ಜರ್ ಮನೆಮನೆಯಲ್ಲಿತ್ತು. ಮಾರುತ್ತಿದ್ದದ್ದು ಇಟಲಿಯ ಎನೆಲ್ ಸಮೂಹದ ಎನೆಲ್ ಎಕ್ಸ್ ವೇ. 2024ರ ಅಕ್ಟೋಬರ್ ಮೊದಲ ವಾರದಲ್ಲಿ ಕಂಪನಿ, ಇದೇ 11ಕ್ಕೆ ಉತ್ತರ ಅಮೆರಿಕದ ವ್ಯವಹಾರ ಮುಚ್ಚುತ್ತೇವೆ ಎಂದಿತು. ಗೋಡೆಯ ಪೆಟ್ಟಿಗೆ ಚಾರ್ಜ್ ಮಾಡುತ್ತದೆ, ಆದರೆ ಆ್ಯಪ್ ಇರುವುದಿಲ್ಲ ಎಂದೂ ಹೇಳಿತು! ಕೊಟ್ಟ ಗಡುವು ಹತ್ತು ದಿನವೂ ಇರಲಿಲ್ಲ. ಆಗ ನೆರವಿಗೆ ಬಂದದ್ದು ಬಳಕೆದಾರರೇ ಬರೆದ ತಂತ್ರಾಂಶ. ಪೆಟ್ಟಿಗೆ ಕಂಪನಿಯ ಸರ್ವರ್‌ಗೆ ಕಳಿಸುವ ಮಾತನ್ನು ಅದು ಮನೆಯ ಕಂಪ್ಯೂಟರಿನತ್ತ ತಿರುಗಿಸಿತು.

ಹಾಗಂತ ಮನೆಯೊಳಗಿನದೆಲ್ಲ ಭದ್ರ ಎಂದುಕೊಳ್ಳಬೇಡಿ. ಕೆಲವು ಪೆಟ್ಟಿಗೆಗಳು ಮಾಡ್‌ಬಸ್ ಎಂಬ ಹಳೆಯ ಪದ್ಧತಿಯಲ್ಲಿ ಮಾತಾಡುತ್ತವೆ, ಅದರಲ್ಲಿ ಪಾಸ್‌ವರ್ಡ್ ಎಂಬುದೇ ಇಲ್ಲ. ಬಂದುಹೋಗುವವರಿಗೆಲ್ಲ ಕೊಡುವ ವೈಫೈ ಬೇರೆ ಇರಲಿ, ಚಾರ್ಜರಿನದು ಬೇರೆ ಇರಲಿ.

ಕೊನೆಗೆ ಕರೆಂಟಿನ ಮಾತು. ಕರೆಂಟ್ ಹೋಗಿ ಬಂದಾಗ ರೂಟರ್ ಎದ್ದು ಕೂರಲು ಒಂದೆರಡು ನಿಮಿಷ ಬೇಕು. ಅಷ್ಟರಲ್ಲಿ ಪೆಟ್ಟಿಗೆ ತನ್ನ ಪಾಡಿಗೆ ಪೂರ್ತಿ 32ಕ್ಕೆ ಶುರು ಮಾಡಿದರೆ ಆ್ಯಪ್ ಏನು ಮಾಡೀತು? ಅದಕ್ಕೇ ಎಲೆಕ್ಟ್ರಿಷಿಯನ್ ಕೈಯಲ್ಲಿ ಪೆಟ್ಟಿಗೆಯ ಒಳಗೇ ಗರಿಷ್ಠ ಮಿತಿ ಕೂರಿಸಿ. ಎಂಸಿಬಿ, ಅರ್ಥಿಂಗ್ ಸರಿಯಿದೆಯೇ ಎಂದೂ ಅವರಿಂದಲೇ ನೋಡಿಸಿ. ನಮ್ಮಲ್ಲಿ ಮಿತಿ 16ಕ್ಕಿದೆ. ಫೋನಿನಲ್ಲಿ ಯಾರು 32 ಒತ್ತಿದರೂ ಮೇಲೇರುವುದಿಲ್ಲ. ನಮ್ಮ ಮೊಮ್ಮಗ ಒತ್ತಿ ನೋಡಿದ್ದಾನೆ, ಒಂದಲ್ಲ, ಹತ್ತು ಸಲ.