ದುಡ್ಡು ಕೊಟ್ಟವರಿಗೇ ಬೀಗ

(ಹಾಸನದಲ್ಲಿ ಗ್ರಂಥಾಲಯ ಸಪ್ತಾಹದಂದು ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಇದೇ ಊರಿನ ಬಸ್ ಸ್ಟ್ಯಾಂಡ್ ಹತ್ತಿರ 18 ವರ್ಷ ಕ್ಯಾಸೆಟ್, ಸೀಡಿ ಮಾರಿದವನು ನಾನು. ಈಗ ಗ್ರಂಥಾಲಯಗಳು ಇ-ಪುಸ್ತಕ ಕೊಳ್ಳುವ ಕಾಲ ಬಂದಿದೆ. ಕೊಂಡ ಹಾಡು, ಪುಸ್ತಕ ಕಾಪಿ ಆಗದಂತೆ, ಬೇಕಾದ ಕಡೆ ಬಳಸಲು ಆಗದಂತೆ ಕಂಪನಿಗಳು ಅದರೊಳಗೇ ಒಂದು ಬೀಗ ಹಾಕುತ್ತವೆ. ಅದಕ್ಕೇ ಅಂಗಡಿಯಲ್ಲಿ ನಡೆದ ಒಂದು ಸಂಗತಿಯನ್ನು ನಿಮ್ಮ ಮುಂದೆ ಹೇಳಲೇಬೇಕು.

2005ರ ಮಳೆಗಾಲ. ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಒಬ್ಬರು ನಮ್ಮ ಕಾಯಂ ಗಿರಾಕಿ. ಸಂಬಳ ಆದ ವಾರ ಬರುವರು, ಒರಿಜಿನಲ್ಲೇ ಬೇಕು ಅನ್ನುವರು. ಒಂದು ಸಲ ವಚನದ ಸೀಡಿ ಒಯ್ದರು. ಮುಂದಿನ ವಾರ ಆ ಜಡಿಮಳೆಯಲ್ಲೇ ವಾಪಸ್ ಬಂದರು. ಸೀಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡಿದ್ದರು, ತಾವು ಪೂರ್ತಿ ನೆಂದಿದ್ದರು. ಅವರ ತಾಯಿ ಹಾಸಿಗೆ ಹಿಡಿದಿದ್ದರು. ದಿಂಬಿನ ಪಕ್ಕ ಇಡಲಿ ಅಂತ ಮಗ ಒಂದು ಪುಟ್ಟ ಎಂಪಿತ್ರೀ ಪ್ಲೇಯರ್ ತಂದುಕೊಟ್ಟಿದ್ದ. ಹಾಡನ್ನು ಅದಕ್ಕೆ ಇಳಿಸೋಣ ಅಂತ ಕಂಪ್ಯೂಟರಿಗೆ ಹಾಕಿದರೆ ಸೀಡಿ ಹಾಡು ಬಿಟ್ಟುಕೊಡುತ್ತಿಲ್ಲ! ಕವರಿನ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಕಾಪಿ ಆಗುವುದಿಲ್ಲ ಅಂತ ಅಚ್ಚಾಗಿತ್ತು.

"ಏನಪ್ಪಾ, ದುಡ್ಡು ಕೊಟ್ಟಿದ್ದೀನಿ. ನಮ್ಮಮ್ಮನಿಗೆ ಕೇಳಿಸೋಕೆ ಯಾರ ಅಪ್ಪಣೆ ಬೇಕು?" ಅಂದರು.

ಕಂಪನಿಗೆ ಫೋನ್ ಮಾಡಿದೆ. ಸೀಡಿ ಸರಿಯಾಗೇ ಇದೆ, ವಾಪಸ್ ತಗೊಳ್ಳಲ್ಲ ಅಂದರು. ಎದುರಿನ ತಳ್ಳುಗಾಡಿಯಲ್ಲಿ ಅದೇ ವಚನ, ಜೊತೆಗೆ ಇನ್ನೂ ನೂರು ಹಾಡು, 30 ರೂಪಾಯಿಗೆ. ಅದಕ್ಕೆ ಬೀಗವೇ ಇಲ್ಲ. ರೈಟರು ನನ್ನನ್ನು ನೋಡಿದರು, ಗಾಡಿ ನೋಡಿದರು, ಹೋಗಿ ಕೊಂಡರು. ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ.

ನಾನು ಕಳ್ಳ ಕಾಪಿಯ ಪರ ಅಲ್ಲ. ಆ ಗಾಡಿಯಿಂದ ನನಗೇ ಜಾಸ್ತಿ ನಷ್ಟ ಆಗಿದೆ. ಹಾಡಿದವರಿಗೆ, ಬರೆದವರಿಗೆ ದುಡ್ಡು ಸೇರಲೇಬೇಕು. ಆದರೆ ಈ ಬೀಗ ಗಾಡಿಯವನನ್ನು ತಡೆಯಲಿಲ್ಲ, ರೈಟರನ್ನು ತಡೆಯಿತು. ಡಿವಿಡಿಗೆ 1996ರಲ್ಲಿ ಬೀಗ ಬಂತು, 1999ರಲ್ಲೇ ಒಡೆದರು. ಆಮೇಲೂ ತೊಂದರೆ ಪಟ್ಟವರು ಯಾರು? ಅಮೆರಿಕದಿಂದ ಮಗಳು ತಂದ ಡಿವಿಡಿ ಇಲ್ಲಿನ ಪ್ಲೇಯರಿನಲ್ಲಿ ಓಡದೆ ನನ್ನ ಅಂಗಡಿಗೆ ಬಂದ ತಂದೆ ತಾಯಿ. ಒಂದು ವಲಯದ ಡಿವಿಡಿ ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡದಂತೆ ಕಂಪನಿಗಳು ಜಗತ್ತನ್ನೇ ಹಂಚಿದ್ದವು. ಅದು ವಲಯ 1, ನಮ್ಮದು ವಲಯ 5!

ಅದೇ 2005ರ ಅಕ್ಟೋಬರಿನಲ್ಲಿ ಸೋನಿ ಬಿಎಂಜಿ ಎಂಬ ಹಾಡಿನ ಕಂಪನಿಯ ಕೆಲವು ಸೀಡಿಗಳು ಕಂಪ್ಯೂಟರಿನೊಳಗೆ ಕದ್ದು ಒಂದು ಸಾಫ್ಟ್‌ವೇರ್ ಇಳಿಸುತ್ತವೆ ಅಂತ ಮಾರ್ಕ್ ರುಸಿನೋವಿಚ್ ಎಂಬ ತಜ್ಞರು ಬಯಲಿಗೆಳೆದರು. ಅದರ ಮರೆಯಲ್ಲಿ ವೈರಸ್‌ಗಳೂ ಸೇರಿಕೊಂಡವು. ಕಂಪನಿ ಸೀಡಿಗಳನ್ನು ವಾಪಸ್ ತರಿಸಿತು. ಇಲ್ಲೂ ಅಷ್ಟೇ, ಪೆಟ್ಟು ಬಿದ್ದದ್ದು ಅಂಗಡಿಯಲ್ಲಿ ಕೊಂಡವರಿಗೆ.

ನಮ್ಮ ಹಾಸನಾಂಬೆ ಗುಡಿ ವರ್ಷಕ್ಕೊಮ್ಮೆ ತೆಗೆಯುತ್ತಾರೆ, ಬಲಿಪಾಡ್ಯಮಿ ಮುಗಿದ ಮೇಲೆ ಮುಚ್ಚುತ್ತಾರೆ. ಯಾರಾದರೂ ಮುನಿಸಿಕೊಂಡಿದ್ದು ಉಂಟಾ? ಇಲ್ಲ. ಯಾವಾಗ ಮುಚ್ಚುತ್ತೆ ಅಂತ ಎಲ್ಲರಿಗೂ ಮೊದಲೇ ಗೊತ್ತು. ಜನ ಬೀಗಕ್ಕೆ ಸಿಟ್ಟಾಗುವುದಿಲ್ಲ. ಹೇಳದೆ ಹಾಕಿದ ಬೀಗಕ್ಕೆ ಸಿಟ್ಟಾಗುತ್ತಾರೆ, ಅಲ್ವಾ?

ಚೀಟಿ ಬಂತು, ಐದೇ ನಿಮಿಷ ಅಂತೆ. ಆ್ಯಪಲ್ ಕಥೆ ಚುಟುಕಾಗಿ ಹೇಳುತ್ತೇನೆ. 2007ರಲ್ಲಿ ಆ ಕಂಪನಿಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಅವರೇ ಹಾಡಿನ ಬೀಗ ಬೇಡ ಅಂತ ಬಹಿರಂಗ ಪತ್ರ ಬರೆದರು. 2009ರಲ್ಲಿ ಆ್ಯಪಲ್‌ನ ಹಾಡಿನ ಅಂಗಡಿ ಐಟ್ಯೂನ್ಸ್ ಮಾರುವ ಹಾಡುಗಳಿಂದ ಬೀಗ ಹೋಯಿತು. ಅಂಗಡಿಯೇನೂ ಮುಳುಗಲಿಲ್ಲ.

ಪುಸ್ತಕದ್ದು ಮಾತ್ರ ಹೇಳಲೇಬೇಕು. 2009ರಲ್ಲಿ ಅಮೆರಿಕದಲ್ಲಿ ಓದುಗರು ಕೊಂಡಿದ್ದ ಎರಡು ಪುಸ್ತಕಗಳನ್ನು ಅಮೆಜಾನ್ ಕಂಪನಿ ಅವರ ಕೈಲಿದ್ದ ಇ-ಪುಸ್ತಕ ಓದುವ ಸಾಧನ ಕಿಂಡಲ್‌ನಿಂದಲೇ ಅಳಿಸಿತು. ಮಾರಿದವರಿಗೆ ಹಕ್ಕಿರಲಿಲ್ಲ, ನಿಜ. ದುಡ್ಡೂ ವಾಪಸ್ ಕೊಟ್ಟರು. ಆದರೆ ಮನೆಯ ಕಪಾಟಿಗೆ ಯಾರಾದರೂ ಹಾಗೆ ಕೈ ಹಾಕುತ್ತಾರಾ? 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಕೊಂಡ ಪುಸ್ತಕಗಳೂ ಅದರ ಜೊತೆ ಹೋದವು.

ನಮ್ಮ ಕೃತಿಸ್ವಾಮ್ಯ ಕಾನೂನು ಸ್ವಲ್ಪ ವಿವೇಕದಿಂದಿದೆ. 2012ರ ತಿದ್ದುಪಡಿಯಲ್ಲಿ 65ಎ ಕಲಂ ಬಂತು. ಹಕ್ಕು ಕದಿಯುವ ಉದ್ದೇಶದಿಂದ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು. ಆ ಉದ್ದೇಶ ಅನ್ನುವ ಮಾತು ಅಲ್ಲಿರುವುದು ರೈಟರಂಥವರ ಪುಣ್ಯ. ಇದರ ಬಗ್ಗೆ ಇನ್ನೂ ಹೇಳುವುದಿತ್ತು, ಸಮಯ ಇಲ್ಲ.

ಗ್ರಂಥಪಾಲಕರಲ್ಲಿ ಒಂದೇ ಕೋರಿಕೆ. ಇ-ಪುಸ್ತಕಕ್ಕೆ ಸಹಿ ಹಾಕುವ ಮುಂಚೆ ಕೇಳಿ: ಇದು ನಮಗೆ ಮಾರಿದ್ದಾ, ಬಾಡಿಗೆಗೆ ಕೊಟ್ಟಿದ್ದಾ? ಚಂದಾ ನಿಂತರೆ ಪುಸ್ತಕ ನಮ್ಮಲ್ಲೇ ಉಳಿಯುತ್ತಾ? ಉತ್ತರವನ್ನು ಬರಹದಲ್ಲೇ ತಗೊಳ್ಳಿ. ಪ್ರಶ್ನೆ ಇದ್ದವರು ಊಟದ ಹೊತ್ತಿಗೆ ಸಿಗಿ, ನಾನು ಇಲ್ಲೇ ಇರುತ್ತೇನೆ.