ಸ್ಕ್ಯಾನಿಂಗ್ ನಾರ್ಮಲ್, ನೋವು ನಾರ್ಮಲ್ ಅಲ್ಲ

ಕೇಳುಗರಿಗೆ ನಮಸ್ಕಾರ.

ಮುಟ್ಟಿನ ದಿನಗಳಲ್ಲಿ ಹಾಸಿಗೆ ಬಿಟ್ಟು ಏಳಲಾಗದ ಹುಡುಗಿಗೆ ‘ಮದುವೆಯಾದರೆ ಸರಿಹೋಗುತ್ತೆ’ ಅನ್ನುತ್ತೇವೆ. ಮದುವೆಯಾದವಳಿಗೆ ‘ಒಂದು ಮಗುವಾಗಲಿ, ಸರಿಹೋಗುತ್ತೆ’ ಅನ್ನುತ್ತೇವೆ. ಅವಳಿಗಿರುವುದು ಎಂಡೊಮೆಟ್ರಿಯೋಸಿಸ್ ಆಗಿದ್ದರೆ ಬಸಿರಾಗುವುದೇ ಕಷ್ಟವಾಗಬಹುದು. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ, ಅಂಡಾಶಯದಲ್ಲೋ ಕರುಳಿನ ಮೇಲೋ ಬೆಳೆಯುವ ಕಾಯಿಲೆ ಅದು. ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಇದನ್ನು ಖಚಿತಪಡಿಸಲು ಬಹುಕಾಲ ಲ್ಯಾಪ್ರೊಸ್ಕೋಪಿಯೇ ಬೇಕಿತ್ತು. ಅರಿವಳಿಕೆ ಕೊಟ್ಟು, ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ ನೋಡಬೇಕು. ನೋವಿದೆ ಅಂತ ನಂಬಿಸೋದಕ್ಕೇ ಆಪರೇಷನ್ ಅಂದರೆ ಯಾರು ತಾನೇ ಮುಂದೆ ಬರುತ್ತಾರೆ? ಕಾಯಿಲೆಗೆ ಹೆಸರು ಸಿಗುವ ಹೊತ್ತಿಗೆ ಎಷ್ಟೋ ವರ್ಷ ಕಳೆದಿರುತ್ತಿತ್ತು. 2022ರಲ್ಲಿ ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘ ತನ್ನ ಮಾರ್ಗಸೂಚಿಯನ್ನು ಬದಲಿಸಿತು. ಮೊದಲು ಸ್ಕ್ಯಾನಿಂಗ್; ಅದರಲ್ಲಿ ಏನೂ ಕಾಣದಿದ್ದರೆ, ಇಲ್ಲವೇ ಔಷಧಿಗೆ ನೋವು ಬಗ್ಗದಿದ್ದರೆ ಲ್ಯಾಪ್ರೊಸ್ಕೋಪಿ.

ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ‘ಚಾಕೊಲೇಟ್ ಸಿಸ್ಟ್’, ಅಂದರೆ ಈ ಕಾಯಿಲೆಯಿಂದಾದ ಚೀಲದಂಥ ಗುಳ್ಳೆ, ಮಂಜು ಕವಿದ ಗಾಜಿನ ಹಾಗೆ ಕಾಣುತ್ತದೆ. ಒಳಗಿರುವುದು ಹಳೆಯ ರಕ್ತ. ಪಳಗಿದ ಕೈಯವರು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಸ್ಕ್ಯಾನಿಂಗ್ ಕಡ್ಡಿಯನ್ನು, ಅಂದರೆ ಪ್ರೋಬನ್ನು, ಮೆಲ್ಲಗೆ ಒತ್ತಿ, ಗರ್ಭಕೋಶ ಕರುಳಿನ ಪಕ್ಕ ಸಲೀಸಾಗಿ ಜಾರುತ್ತದೆಯೋ, ಅಂಟಿಕೊಂಡಿದೆಯೋ ಎಂದು ನೋಡುತ್ತಾರೆ. ಯಂತ್ರ ಒಂದೇ ಆದರೂ ನೋಡುವ ಕಣ್ಣು ಬೇರೆಯಾದರೆ ರಿಪೋರ್ಟೂ ಬೇರೆಯಾದೀತು. ಈ ಬಗೆಯ ಸ್ಕ್ಯಾನಿಂಗ್ ಬೇಡವೆನ್ನುವವರಿಗೆ ಎಂಆರ್‌ಐ ಇದೆ. ಆಳಕ್ಕೆ ಇಳಿದ ಗಂಟುಗಳನ್ನು ಅದು ಚೆನ್ನಾಗಿ ತೋರಿಸುತ್ತದೆ.

ಆದರೆ ಹೊಟ್ಟೆಯ ಒಳಪೊರೆಯ ಮೇಲಷ್ಟೇ ಚದುರಿದ ಸಣ್ಣ ಚುಕ್ಕೆಗಳು ಎರಡರಲ್ಲೂ ಹೆಚ್ಚಾಗಿ ತಪ್ಪಿಸಿಕೊಳ್ಳುತ್ತವೆ. ಹಾಗಾಗಿ ‘ನಾರ್ಮಲ್’ ಎಂಬ ರಿಪೋರ್ಟ್ ಹಿಡಿದು, ನೋವೆಲ್ಲ ಮನಸ್ಸಿನದು ಅನ್ನುವುದು ಅನ್ಯಾಯ.

ರಕ್ತಪರೀಕ್ಷೆ ಸಾಲದೇ? ರಕ್ತದಲ್ಲಿರುವ ಸಿಎ-125 ಎಂಬ ಪ್ರೋಟೀನಿನ ಮಟ್ಟವನ್ನು ನಂಬುವಂತಿಲ್ಲ, ಬೇರೆ ಕಾರಣಕ್ಕೂ ಏರುತ್ತದೆ, ಕಾಯಿಲೆ ಇದ್ದೂ ಏರದಿರಬಹುದು. ಫ್ರಾನ್ಸಿನಲ್ಲಿ ಎಂಜಲಿನಲ್ಲಿರುವ 109 ಮೈಕ್ರೋ ಆರ್‌ಎನ್‌ಎಗಳನ್ನು (ಜೀನುಗಳ ಕೆಲಸವನ್ನು ಹತೋಟಿಯಲ್ಲಿಡುವ ಪುಟ್ಟ ಅಣುಗಳು) ಅಳೆಯುವ ಪರೀಕ್ಷೆ ರೂಪಿಸಿದ್ದಾರೆ. ಆರಂಭದ ಫಲಿತಾಂಶ ಚೆನ್ನಾಗಿದೆ. ಆದರೂ ಅದು ಎಲ್ಲೆಡೆಯ ಮಾಮೂಲಿ ಪರೀಕ್ಷೆಯಾಗಿಲ್ಲ.

ಅಲ್ಲಿಯವರೆಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನೋವು ಯಾವ ದಿನ, ಎಲ್ಲಿ, ಎಷ್ಟು ಹೊತ್ತು ಎಂದು ಬರೆಯಿರಿ. ಮುಟ್ಟಿನ ದಿನ ಮಲ ವಿಸರ್ಜಿಸುವಾಗ ನೋವಾಗುತ್ತದೆಯೇ, ಗಂಡ ಹೆಂಡಿರು ಕೂಡುವಾಗ ನೋವಾಗುತ್ತದೆಯೇ ಎಂಬುದನ್ನೂ ಬರೆಯಿರಿ. ನಾಚಿಕೆಯಿಂದ ಹೆಚ್ಚಿನವರು ಬಾಯಿಬಿಡದ ಸಂಗತಿಗಳು ಇವೇ. ಸ್ಕ್ಯಾನಿಂಗ್ ಮಾಡುವವರು ಪ್ರೋಬನ್ನು ಎಲ್ಲಿ ಹೆಚ್ಚು ಹೊತ್ತು ನಿಲ್ಲಿಸಬೇಕು ಎಂದು ತಿಳಿಯುವುದೂ ಇವುಗಳಿಂದಲೇ.